ಸೌಂಡ್ ಮಷೀನ್ ಹಾಕಿದ ಮೇಲೆ ಹಸು ಹಾಲು ಕಡಿಮೆ ಮಾಡಿದ್ದು: ಮಳವಳ್ಳಿ ಅಣ್ಣನವರಿಗೆ ಉತ್ತರ

ನಮಸ್ಕಾರ ಅಣ್ಣ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಈಗ ಬಂದವರಿಗೂ ಗೊತ್ತಾಗಲಿ ಅಂತ ಚಿಕ್ಕದಾಗಿ ಹೇಳುತ್ತೇನೆ. ನಿಮ್ಮದು ಮಳವಳ್ಳಿ ಕಡೆ ಎರಡು ಎಕರೆ ಕಬ್ಬು, ಒಂದು ಎಕರೆ ಭತ್ತ, ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು. ಇಲಿ, ಕಾಡುಹಂದಿ, ನವಿಲು ಮೂರೂ ಓಡಿಹೋಗುತ್ತವೆ ಅಂತ ನಂಬಿ ಒಂದು ಸೋಲಾರ್ ಸೌಂಡ್ ಮಷೀನ್ ತಂದಿರಿ. ಮನುಷ್ಯರ ಕಿವಿಗೆ ಕೇಳದ ಸದ್ದು ಬಿಡುವ ಮಷೀನ್. ಅದನ್ನು ಕೊಟ್ಟಿಗೆ ಗೋಡೆಗೆ ಹಾಕಿದಿರಿ. ಹಂದಿ ನಾಲ್ಕು ದಿನ ಬರಲಿಲ್ಲ, ಆಮೇಲೆ ಬಂತು. ನವಿಲು ಹೋಗಲೇ ಇಲ್ಲ. ಈಗ ಒಂದು ಹಸು ಸಂಜೆ ಹಾಲು ಕಡಿಮೆ ಕೊಡುತ್ತಿದೆ, ಕರೆಯುವಾಗ ಒದೆಯುತ್ತಿದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ ಅಂತ ಕೇಳಿದ್ದೀರಿ.

ಇರಬಹುದು ಅಣ್ಣ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಪಾಂಡವಪುರ ಕಡೆಯವನು. ಹಿಂಡಿ, ಬೂಸಾ ಇಡುವ ಕೋಣೆಗೆ ಇಲಿ ಕಾಟ ಅಂತ ಇಂಥದೇ ಒಂದು ಮಷೀನ್ ತಂದು ಹಾಕಿದ್ದೆ. ಆ ಕೋಣೆಯ ಪಕ್ಕವೇ ಕೊಟ್ಟಿಗೆ, ಮಧ್ಯೆ ಅರ್ಧ ಗೋಡೆ ಮಾತ್ರ. ಮೊದಲು ನಾಯಿ ಜಾಗ ಬಿಟ್ಟಿತು. ಐದು ವರ್ಷದಿಂದ ಗೊಂತಿನ ಹತ್ತಿರ ಮಲಗುತ್ತಿದ್ದ ನಾಯಿ ಅಂಗಳಕ್ಕೆ ಹೋಗಿ ಮಲಗಿತು. ನಾನು ಸೆಕೆ ಅಂದುಕೊಂಡೆ. ಆಮೇಲೆ ಹಸು ಹಾಲು ಬಿಗಿ ಹಿಡಿಯಲು ಶುರು ಮಾಡಿತು. ಡಾಕ್ಟರ್ ಬಂದು ನೋಡಿದರು. ಕೆಚ್ಚಲು ಬಾವು ಇಲ್ಲ, ಜ್ವರ ಇಲ್ಲ, ಮೇವು ಬದಲಾಗಿಲ್ಲ. ಕೊನೆಗೆ ರಜೆಗೆ ಬಂದಿದ್ದ ತಂಗಿ ಮಗಳು ಹತ್ತು ವರ್ಷದವಳು, "ಮಾವ, ಇಲ್ಲಿ ಏನೋ ಕೀಂಯ್ ಅಂತಿದೆ" ಅಂದಳು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಮಷೀನ್ ವೈರ್ ಕಿತ್ತೆ. "ಈಗ ನಿಂತಿತು" ಅಂದಳು. ಒಂದು ವಾರದಲ್ಲಿ ಹಸು ಮೊದಲಿನ ಹಾಗೆ ಆಯಿತು. ಆ ಹಸು ಎಷ್ಟು ದಿನ ಆ ಸದ್ದಿನಲ್ಲಿ ಕಟ್ಟಿಹಾಕಿಕೊಂಡು ನಿಂತಿತ್ತು ಅಂತ ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ನಾಯಿಯಾದರೂ ಎದ್ದು ಹೋಯಿತು. ಹಸುವಿಗೆ ಹಗ್ಗ ಇತ್ತು.

ಆಮೇಲೆ ಈ ಕಿವಿ ವಿಷಯ ಸ್ವಲ್ಪ ಓದಿಕೊಂಡೆ. ಸದ್ದು ಅಂದರೆ ಕಂಪನ. ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವುದನ್ನು ಹರ್ಟ್ಜ್‌ನಲ್ಲಿ ಹೇಳುತ್ತಾರೆ. ಮನುಷ್ಯರಿಗೆ ಸುಮಾರು 20ರಿಂದ 20,000 ಹರ್ಟ್ಜ್ ಕೇಳುತ್ತದೆ. ವಯಸ್ಸಾದ ಹಾಗೆ ಮೇಲಿನ ಸದ್ದು ಕೇಳುವುದು ಕಡಿಮೆಯಾಗುತ್ತದೆ. ಮಗುವಿಗೆ ಕೇಳಿದ್ದು ನನಗೆ ಕೇಳದೆ ಇದ್ದದ್ದು ಅದಕ್ಕೇ. ಹಸುವಿಗೆ ಸುಮಾರು 35,000 ಹರ್ಟ್ಜ್ ತನಕ ಕೇಳುತ್ತದೆ. ನಾಯಿಗೆ 45,000ದ ಹತ್ತಿರ. ಬೆಕ್ಕಿಗೆ 60,000 ದಾಟುತ್ತದೆ. ಅಂದರೆ "ಯಾರಿಗೂ ತೊಂದರೆ ಇಲ್ಲ" ಅಂತ ಮಾರುವ ಸದ್ದು ನಮಗೆ ಮಾತ್ರ ಕೇಳುವುದಿಲ್ಲ. ಮನೆಯ ಹಸು, ನಾಯಿ, ಬೆಕ್ಕಿಗೆ ಕೇಳಬಹುದು.

ಇನ್ನೊಂದು ಮುಖ್ಯ ವಿಷಯ ಇದೆ. ಸದ್ದು ಯಾವ ಕಡೆಯಿಂದ ಬರುತ್ತಿದೆ ಅಂತ ಗುರುತಿಸುವುದರಲ್ಲಿ ಹಸು ಹಿಂದೆ. ನಾವು ಕಣ್ಣು ಮುಚ್ಚಿಕೊಂಡೇ ಒಂದು ಡಿಗ್ರಿ ವ್ಯತ್ಯಾಸ ಕಂಡುಹಿಡಿಯುತ್ತೇವೆ. ಹಸುವಿಗೆ ಸುಮಾರು 30 ಡಿಗ್ರಿ ಬೇಕು. ಅದರ ಕಣ್ಣು ಎರಡು ಪಕ್ಕದಲ್ಲಿವೆ, ಹೆಚ್ಚು ಕಡಿಮೆ ಸುತ್ತಲೂ ಕಾಣುತ್ತದೆ. ಸದ್ದು ಕೇಳಿದರೆ ಕಣ್ಣಿನಿಂದ ಹುಡುಕಿಕೊಳ್ಳುತ್ತದೆ. ಬಯಲಲ್ಲಿ ಅದು ಸಾಕು. ಕೊಟ್ಟಿಗೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕಟ್ಟಿದಾಗ ಸದ್ದು ಕೇಳುತ್ತದೆ, ಎಲ್ಲಿಂದ ಅಂತ ತಿಳಿಯುವುದಿಲ್ಲ, ತಿರುಗಿ ನೋಡಲೂ ಆಗುವುದಿಲ್ಲ. ಹೆದರಿಕೆ ಅಲ್ಲೇ ಶುರುವಾಗುತ್ತದೆ.

ಹೆದರಿದ ಹಸು ಹಾಲು ಕೊಡದೆ ಇರುವುದು ಹಟ ಅಲ್ಲ. ಕೆಚ್ಚಲು ತೊಳೆದು ಸವರಿದಾಗ, ಕರುವಿನ ದನಿ ಕೇಳಿದಾಗ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ರಕ್ತಕ್ಕೆ ಬರುತ್ತದೆ. ಆಗ ಹಸು ಸೊರೆ ಬಿಡುತ್ತದೆ, ಅಂದರೆ ಹಾಲು ಇಳಿಸುತ್ತದೆ. ಅದರ ಪ್ರಭಾವ ಕೆಲವೇ ನಿಮಿಷ. ಆ ಹೊತ್ತಿಗೆ ಹೆದರಿದರೆ ಅಡ್ರಿನಲಿನ್ ಅನ್ನುವ ಹೆದರಿಕೆಯ ಹಾರ್ಮೋನ್ ಬಂದು ಅದನ್ನು ತಡೆಯುತ್ತದೆ. ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಉಳಿದ ಹಾಲಿನಿಂದ ಮುಂದೆ ಇಳುವರಿಯೂ ಕಡಿಮೆಯಾಗುತ್ತದೆ. ಇದಕ್ಕೆ ಆಕ್ಸಿಟೋಸಿನ್ ಇಂಜೆಕ್ಷನ್ ಹಾಕಿಬಿಡಿ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಕಾರಣ ಹೊರಗಿದೆ, ಹಸುವಿನ ಒಳಗಿಲ್ಲ.

ಹಾಲು ಕರೆಯುವ ಮಷೀನ್ ಇಟ್ಟುಕೊಂಡವರೂ ಇದನ್ನು ಗಮನಿಸಿ. ವ್ಯಾಕ್ಯೂಮ್ ಪಂಪ್ ಕೊಟ್ಟಿಗೆಯ ಹೊರಗಿರಲಿ. ಹೊಸ ಹಸುವಿನ ಹತ್ತಿರ ಮೊದಲ ದಿನವೇ ಪಂಪ್ ಹಾಕಬೇಡಿ. ನಾಲ್ಕೈದು ದಿನ ಅದು ಮೇವು ತಿನ್ನುವಾಗ ದೂರದಿಂದ ಸದ್ದು ಕೇಳಿಸಿ, ಆಮೇಲೆ ಹತ್ತಿರ ತನ್ನಿ. ತಗಡು ಬಕೆಟ್ ಕಲ್ಲಿನ ಮೇಲೆ ಕುಕ್ಕಬೇಡಿ. ಬೋಲ್ಟ್ ಸಡಿಲವಾಗಿ ಗೇಟ್ ಕಿರುಗುಡುತ್ತಿದ್ದರೆ ಎಣ್ಣೆ ಬಿಡಿ. ಹಸುವಿನ ಕಿವಿ ಅತಿ ಚುರುಕಾಗಿರುವುದು 8,000 ಹರ್ಟ್ಜ್ ಆಸುಪಾಸಿನಲ್ಲಿ. ಲೋಹ ಉಜ್ಜುವ, ಸಿಳ್ಳೆಯಂಥ ಸದ್ದು ಅದಕ್ಕೆ ನಮಗಿಂತ ಜಾಸ್ತಿ ಚುಚ್ಚುತ್ತದೆ. ನಮ್ಮಮ್ಮ ಹಾಲು ಕರೆಯಲು ಕೂರುವ ಮೊದಲು "ಬಾರವ್ವ, ನಿಲ್ಲವ್ವ" ಅಂತ ತಗ್ಗಿದ ದನಿಯಲ್ಲಿ ಮಾತಾಡಿಕೊಂಡೇ ಹತ್ತಿರ ಹೋಗುತ್ತಿದ್ದರು. ಯಾರು ಬರುತ್ತಿದ್ದಾರೆ, ಯಾವ ಕಡೆಯಿಂದ ಅಂತ ಹಸುವಿಗೆ ಮೊದಲೇ ಗೊತ್ತಾಗುತ್ತಿತ್ತು. ಒಂದು ದಿನವೂ ಅವರನ್ನು ಹಸು ಒದೆಯಲಿಲ್ಲ.

ರೇಡಿಯೋ ಹಾಕಬಹುದಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಹಾಕಬಹುದು. 2001ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದವರು ನಿಧಾನದ ಸಂಗೀತ ಕೇಳಿದ ಹಸುಗಳು ಸುಮಾರು ಶೇ. 3ರಷ್ಟು ಜಾಸ್ತಿ ಹಾಲು ಕೊಟ್ಟವು ಅಂತ ಹೇಳಿದ್ದರು. ನನ್ನ ಪ್ರಕಾರ ಅದರಿಂದ ದೊಡ್ಡ ಲಾಭ ನಿರೀಕ್ಷಿಸಬೇಡಿ. ಆದರೆ ದಿನವೂ ಅದೇ ಹೊತ್ತಿಗೆ ಸಣ್ಣಗೆ ರೇಡಿಯೋ ಇದ್ದರೆ ರಸ್ತೆಯ ಹಾರನ್, ಪಟಾಕಿ ಅಷ್ಟು ದಿಢೀರ್ ಅಂತ ಕೇಳಿಸುವುದಿಲ್ಲ.

ಈಗ ಗದ್ದೆ ಕಡೆ ಬರೋಣ.

ನವಿಲು ಮೊದಲು, ಯಾಕಂದರೆ ಇಲ್ಲಿ ದುಡ್ಡು ಪೂರ್ತಿ ದಂಡ. ಹೆಚ್ಚಿನ ಹಕ್ಕಿಗಳಿಗೆ 10,000 ಹರ್ಟ್ಜ್ ದಾಟಿದ ಮೇಲೆ ಬಹುತೇಕ ಏನೂ ಕೇಳುವುದಿಲ್ಲ. ನಮಗೇ ಕೇಳದ ಮೇಲಿನ ಸದ್ದು ನವಿಲಿಗೆ ಹೇಗೆ ಕೇಳಬೇಕು? ಅದರ ಲೋಕ ಇನ್ನೊಂದು ತುದಿಯಲ್ಲಿದೆ. ಗಂಡು ನವಿಲು ಗರಿ ಬಿಚ್ಚಿ ನಡುಗಿಸುವುದನ್ನು ಆದಿಚುಂಚನಗಿರಿಯಲ್ಲಿ ಎಷ್ಟೋ ಜನ ನೋಡಿದ್ದೀರಿ. ಸೆಕೆಂಡಿಗೆ ಸುಮಾರು 25 ಸಲ ಗರಿ ಅದುರುತ್ತದೆ. ಅದರಲ್ಲಿ ನಮ್ಮ ಕಿವಿಗೆ ಸಿಗದಷ್ಟು ತಗ್ಗಿನ ಸದ್ದು ಇದೆ, ನವಿಲುಗಳಿಗೆ ಅದು ಕೇಳುತ್ತದೆ ಅಂತ ಕೆನಡಾದ ಸಂಶೋಧಕರು 2015ರಲ್ಲಿ ತೋರಿಸಿದರು. ಎಷ್ಟು ಚೆನ್ನಾಗಿದೆ ಅಲ್ವಾ? ನಾವು ಕಣ್ಣಿಗೆ ಹಬ್ಬ ಅಂದುಕೊಂಡಿದ್ದು ಹೆಣ್ಣು ನವಿಲಿಗೆ ಕಿವಿಗೂ ಹಬ್ಬ. ನವಿಲು ತಡೆಯಲು ಬಿತ್ತನೆ ಸಮಯಕ್ಕೆ ಬಲೆ, ಹೊಳೆಯುವ ಟೇಪ್, ಮುಂಜಾನೆ ಮನುಷ್ಯರ ಓಡಾಟ, ಇಷ್ಟೇ ದಾರಿ. ಅದಕ್ಕೆ ವಿಷ ಇಡುವ ಮಾತು ಯಾರೂ ಆಡಬೇಡಿ.

ಇಲಿಗೆ ಈ ಮಷೀನ್ ಸದ್ದು ಚೆನ್ನಾಗಿ ಕೇಳುತ್ತದೆ. ಇಲಿಗಳು ತಮ್ಮಲ್ಲಿ ಮಾತಾಡುವುದೇ ಆ ಎತ್ತರದಲ್ಲಿ. ಹೆದರಿದಾಗ ಸುಮಾರು 22,000 ಹರ್ಟ್ಜ್‌ನಲ್ಲಿ ಕೂಗುತ್ತವೆ, ಆಟ ಆಡುವಾಗ 50,000ದ ಹತ್ತಿರ. ಆದರೆ ಮಷೀನಿನ ಸದ್ದಿಗೆ ಅರ್ಥ ಇಲ್ಲ. ಎರಡು ದಿನ ಬೆದರುತ್ತವೆ. ಸದ್ದಿನ ಹಿಂದೆ ಹಾವೂ ಇಲ್ಲ, ಬೆಕ್ಕೂ ಇಲ್ಲ ಅಂತ ಗೊತ್ತಾದ ಮೇಲೆ ಅದರ ಪಕ್ಕದಲ್ಲೇ ಬೂಸಾ ಮೂಟೆ ತೂತು ಮಾಡುತ್ತವೆ. ಅಷ್ಟು ಎತ್ತರದ ಸದ್ದು ಗಾಳಿಯಲ್ಲಿ ಬೇಗ ಸೋರಿಹೋಗುತ್ತದೆ. ಮೂಟೆ, ಗೋಡೆ, ಎಲೆ ಯಾವುದು ಅಡ್ಡ ಬಂದರೂ ಅಲ್ಲಿಗೆ ನಿಲ್ಲುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಇಂಥ ಮಷೀನ್ ಮಾಡುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ಸೊಳ್ಳೆ ಓಡಿಸುವ ಮೊಬೈಲ್ ಆ್ಯಪ್ ಕೂಡ ಇದೇ ಜಾತಿ, ಕೆಲಸ ಮಾಡುವುದಿಲ್ಲ.

ಭತ್ತದ ಗದ್ದೆಯ ಇಲಿಗೆ ನಾನು ನಂಬುವುದು ಗೂಬೆಯನ್ನು. ಕಣಜ ಗೂಬೆ ಅಂತೀವಲ್ಲ, ಬಿಳಿ ಮುಖದ್ದು, ಅದರ ಎರಡು ಕಿವಿ ಒಂದೇ ಮಟ್ಟದಲ್ಲಿಲ್ಲ. ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ. ಅಗಲವಾದ ಮುಖ ಮೊರದ ಹಾಗೆ ಸದ್ದನ್ನು ಒಟ್ಟುಮಾಡಿ ಕಿವಿಗೆ ಕಳಿಸುತ್ತದೆ. ಎಡಕ್ಕೋ ಬಲಕ್ಕೋ ಮಾತ್ರ ಅಲ್ಲ, ಎಷ್ಟು ಕೆಳಗೆ ಅನ್ನುವುದೂ ಗೊತ್ತಾಗುತ್ತದೆ. ಕಗ್ಗತ್ತಲಲ್ಲಿ, ಬರೀ ಸರಬರ ಸದ್ದಿನ ಮೇಲೆ ಇಲಿ ಹಿಡಿಯುತ್ತದೆ. ರೆಕ್ಕೆ ಅಂಚು ಕುಂಚದ ಹಾಗಿರುವುದರಿಂದ ಹಾರುವ ಸದ್ದು ಇಲಿಗೆ ಕೇಳುವುದಿಲ್ಲ. ಗದ್ದೆ ಬದುವಿನಲ್ಲಿ ಅಲ್ಲಲ್ಲಿ ಟಿ ಆಕಾರದ ಗೂಟ ನೆಡಿ, ಪೈರಿಗಿಂತ ಎತ್ತರ ಇರಲಿ. ತೆನೆ ಗಟ್ಟಿಯಾದ ಮೇಲೆ ಗೂಟ ತೆಗೆದುಬಿಡಿ, ಇಲ್ಲದಿದ್ದರೆ ಕಾಳು ತಿನ್ನುವ ಹಕ್ಕಿಗಳಿಗೆ ಅದೇ ಪೀಠವಾಗುತ್ತದೆ. ಗೂಬೆ ಕೂಗಿದರೆ ಅಪಶಕುನ ಅಂತ ಕಲ್ಲು ಹೊಡೆಯುವುದನ್ನು ನೋಡಿದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ. ಅದು ಕೂಲಿ ಕೇಳದ ರಾತ್ರಿ ಕಾವಲುಗಾರ.

ಕಾಡುಹಂದಿ ಕಷ್ಟದ ವಿಷಯ. ಊರಹಂದಿಗೆ ಸುಮಾರು 40,000 ಹರ್ಟ್ಜ್ ತನಕ ಕೇಳುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ಕಾಡುಹಂದಿ ಅದರ ಮೂಲವೇ. ಹಾಗಾಗಿ ನಿಮ್ಮ ಮಷೀನ್ ಸದ್ದು ಅದಕ್ಕೆ ಕೇಳಿರುತ್ತದೆ, ಬದುವಿನ ಮೇಲೆ ನಿಂತಿದ್ದರೆ ಮಾತ್ರ. ಎರಡು ಸಾಲು ಕಬ್ಬು ದಾಟಿದರೆ ಸೋಗೆಯೇ ಸದ್ದನ್ನು ನುಂಗುತ್ತದೆ. ನಾಲ್ಕು ದಿನ ಬರದೆ ಇದ್ದದ್ದು ಹೊಸ ಸದ್ದು ಅನ್ನುವ ಕಾರಣಕ್ಕೆ. ಹುಲಿ ಗರ್ಜನೆ, ನಾಯಿ ಬೊಗಳು ರೆಕಾರ್ಡ್ ಮಾಡಿ ಹಾಕಿದರೂ ದಿನವೂ ಅದೇ ಜಾಗ, ಅದೇ ಹೊತ್ತು ಆದರೆ ವಾರದಲ್ಲಿ ಕಲಿತುಬಿಡುತ್ತದೆ. ಹಾಕಲೇಬೇಕು ಅಂದರೆ ಸ್ಪೀಕರ್ ಜಾಗ ಬದಲಾಯಿಸಿ, ಹೊತ್ತು ಬದಲಾಯಿಸಿ, ಕೂಳೆ ಚಿಗುರುವ ಸಮಯ ಮತ್ತು ಕಟಾವಿಗೆ ಮುಂಚಿನ ತಿಂಗಳು ಮಾತ್ರ ಬಳಸಿ. ಜೊತೆಗೆ ಆಗಾಗ ನಿಜವಾದ ಮನುಷ್ಯರು ಟಾರ್ಚ್, ತಮಟೆ ಹಿಡಿದು ಬರಬೇಕು. ಅಕ್ಕಪಕ್ಕದ ನಾಲ್ಕು ಜನ ಸರದಿ ಹಾಕಿಕೊಂಡರೆ ಸಾಕು. ಸಿಡಿಮದ್ದು ಉಂಡೆ, ಮೇನ್ ಲೈನ್ ಕರೆಂಟ್ ತಂತಿ ಎರಡೂ ಅಪರಾಧ. ಮಕ್ಕಳು, ದನ ಸಾಯುತ್ತವೆ.

ಮುತ್ತತ್ತಿ ಕಾಡಿನ ಕಡೆಯಿಂದ ನಿಮಗೆ ಆನೆಯೂ ಬರುತ್ತದೆ ಅಂದಿರಿ. ಆನೆಗೂ ಈ ಮಷೀನ್ ದಂಡ. ಅದಕ್ಕೆ ಮೇಲೆ 10-12 ಸಾವಿರ ಹರ್ಟ್ಜ್ ತನಕವೇ ಕೇಳುವುದು. ಕೆಳಗೆ ಮಾತ್ರ ನಮ್ಮನ್ನು ಮೀರಿಸುತ್ತದೆ. 20 ಹರ್ಟ್ಜ್‌ಗಿಂತ ತಗ್ಗಿನ ದನಿಯಲ್ಲಿ ಮಾತಾಡಿಕೊಳ್ಳುತ್ತದೆ, ಆ ದನಿ ಕಾಡಿನೊಳಗೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. 1984ರಲ್ಲಿ ಕೇಟಿ ಪೇನ್ ಅನ್ನುವ ಸಂಶೋಧಕಿ ಒಂದು ಮೃಗಾಲಯದಲ್ಲಿ ಆನೆಗಳ ಹತ್ತಿರ ಕೂತಿದ್ದಾಗ ಗಾಳಿಯಲ್ಲಿ ಏನೋ ಅದುರಿದ ಹಾಗೆ ಅನ್ನಿಸಿ, ಇದನ್ನು ಕಂಡುಹಿಡಿದರು. ಆನೆ ಜೇನಿನ ಗುಂಯ್ ಸದ್ದಿಗೆ ಹಿಂದೆ ಸರಿಯುತ್ತದೆ. ಯಾಕಂದರೆ ಆ ಸದ್ದಿನ ಹಿಂದೆ ನಿಜವಾದ ಕುಟುಕು ಇದೆ. 2021ರಲ್ಲಿ ಕೊಡಗಿನ ನಾಗರಹೊಳೆ ಅಂಚಿನಲ್ಲಿ ಖಾದಿ ಆಯೋಗದವರು ಜೇನುಪೆಟ್ಟಿಗೆ ಸಾಲು ಇಟ್ಟು ನೋಡಿದ್ದು ಇದೇ ಲೆಕ್ಕದಲ್ಲಿ. ನಮ್ಮ ಜೇನು ರಾತ್ರಿ ಮಂಕಾಗಿರುತ್ತದೆ, ಆನೆ ಬರುವುದೇ ರಾತ್ರಿ. ಆದ್ದರಿಂದ ಬರೀ ಪೆಟ್ಟಿಗೆ ನಂಬಿಕೊಂಡು ಮಲಗಬೇಡಿ.

ಈಗ ನೀವು ಮಾಡಬೇಕಾದ್ದು. ಇವತ್ತೇ ಆ ಮಷೀನ್ ಬಿಚ್ಚಿ, ಸ್ವಿಚ್ ಆಫ್ ಮಾಡಿ ಮನೆಯೊಳಗೆ ಇಡಿ. ಬಿಚ್ಚುವ ಮೊದಲು ಮನೆಯ ಚಿಕ್ಕ ಮಕ್ಕಳನ್ನು ಕರೆದು ಏನಾದರೂ ಕೇಳುತ್ತಿದೆಯಾ ಅಂತ ಕೇಳಿ. ಅವರಿಗೆ ಕೇಳದಿದ್ದರೂ ಹಸುವಿಗೆ ಕೇಳುತ್ತಿರಬಹುದು, ಅದನ್ನೂ ನೆನಪಿಡಿ. ಕೆಚ್ಚಲು ಬಾವಿನ ಪರೀಕ್ಷೆ ಮಾತ್ರ ತಪ್ಪಿಸಬೇಡಿ, ಒದೆಯುವುದಕ್ಕೆ ನೋವು ಕಾರಣ ಆಗಿರಬಹುದು. ಹತ್ತು ದಿನ ಬೆಳಿಗ್ಗೆ, ಸಂಜೆ ಎಷ್ಟು ಲೀಟರ್ ಅಂತ ಡೇರಿ ಪುಸ್ತಕದಲ್ಲಿ ನೋಡಿ, ಆ ಹಸುವಿನದ್ದು ಬೇರೆ ಬರೆದುಕೊಳ್ಳಿ. ಆಮೇಲೆ ಆ ಲೆಕ್ಕ ಇಲ್ಲಿ ಹಾಕಿ, ಕೊಟ್ಟಿಗೆಯ ಒಂದು ಫೋಟೋ ಜೊತೆಗೆ. ಹಸು ಯಾವ ಕಡೆ ಮುಖ ಮಾಡಿ ನಿಲ್ಲುತ್ತದೆ ಅನ್ನುವುದು ಕಾಣುವ ಹಾಗೆ ತೆಗೆಯಿರಿ.