ಇನ್ಸುಲಿನ್ ಜಾಸ್ತಿ ಅಂದ್ರೆ ಡಯಾಬಿಟಿಸ್ಸಾ?

ಪ್ರಶ್ನೆ: ಮಗಳು ಹುಟ್ಟಿದಾಗಲೇ ತೂಕ ತೀರಾ ಕಡಿಮೆ. ಈಗ 6 ವರ್ಷ. ಎತ್ತರ ಬರಲಿಲ್ಲವೆಂದು ಗ್ರೋತ್ ಹಾರ್ಮೋನ್ ಕೊಡಿಸುತ್ತಿದ್ದೇವೆ. ರಿಪೋರ್ಟಿನಲ್ಲಿ ಇನ್ಸುಲಿನ್ ಜಾಸ್ತಿ ಬಂದಿದೆ. ಡಯಾಬಿಟಿಸ್ ಬರುತ್ತಾ ಡಾಕ್ಟರೇ?

ಉತ್ತರ: ಆ ಒಂದು ಸಾಲು ನೋಡಿ ನಿದ್ದೆಗೆಡಬೇಡಿ. ರಕ್ತದ ಸಕ್ಕರೆ ಇಳಿಸುವುದು ಇನ್ಸುಲಿನ್ನಿನ ಕೆಲಸ. ಗ್ರೋತ್ ಹಾರ್ಮೋನ್ ಅದಕ್ಕೆ ಸ್ವಲ್ಪ ಅಡ್ಡ ಬರುತ್ತದೆ. ಅದಕ್ಕೇ ದೇಹ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಹೆಚ್ಚಿನ ಮಕ್ಕಳಲ್ಲಿ ಸಕ್ಕರೆ ಮಟ್ಟ ಸರಿಯಾಗೇ ಇರುತ್ತದೆ. ಗ್ರೋತ್ ಹಾರ್ಮೋನ್ ಇಂಜೆಕ್ಷನ್ ನಿಂತ ಮೇಲೆ ಇನ್ಸುಲಿನ್ನೂ ಸಾಮಾನ್ಯವಾಗಿ ಇಳಿಯುತ್ತದೆ. ನಾನಂತೂ ಮೊದಲು ನೋಡುವುದು ಖಾಲಿ ಹೊಟ್ಟೆಯ ಸಕ್ಕರೆ, ಜೊತೆಗೆ ಎಚ್‌ಬಿಎ1ಸಿ, ಅಂದ್ರೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ. ಮನೆಯಲ್ಲಿ ಯಾರಿಗಾದರೂ ಡಯಾಬಿಟಿಸ್ ಇದೆಯಾ ಅಂತಲೂ ಕೇಳುತ್ತೇನೆ. ಈ ಚಿಕಿತ್ಸೆಯ ಮೊದಮೊದಲು ಮಗು ಸಣಕಲಾಗಿ ಕಂಡರೆ ಸುಮ್ನೆ ತಿನಿಸು ತುರುಕಬೇಡಿ. ಕೊಬ್ಬು ಕರಗಿ ಮಾಂಸಖಂಡ ಬೆಳೆಯುತ್ತಿರುತ್ತದೆ, ಅಷ್ಟೇ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಜೋರು ತಲೆನೋವು ಕಂಡರೆ ಮಾತ್ರ ತಕ್ಷಣ ತೋರಿಸಿ. ಡೋಸ್ ನೀವೇ ಕಡಿಮೆ ಮಾಡಬೇಡಿ.