ನಿಮಗೆ ಬಂದಿದ್ದು ಪ್ಲಾಸ್ಟಿಕ್ಕೇ ಆಗಿರಲಿ

ಹಾವೇರಿ ಜಿಲ್ಲೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಮುಖ್ಯ ಭಾಗ ಇಷ್ಟು:

"ನನ್ನದು ಹಾರ್ಡ್‌ವೇರ್ ಅಂಗಡಿ. ಎದುರಿಗೆ ಇನ್ನೊಂದು ಅಂಗಡಿ ಬಂದಾಗಿನಿಂದ ವ್ಯಾಪಾರ ಬಿದ್ದುಹೋಗಿದೆ. ಯಾರೋ ಮಾಡಿಸಿದ್ದಾರೆ ಅಂತ ಮನೆಯಲ್ಲಿ ಅನುಮಾನ. ಆನ್‌ಲೈನಿನಲ್ಲಿ ಹತ್ತಾ ಜೋಡಿ ಎಂಬ ಅಪರೂಪದ ಬೇರು ಕಂಡಿತು. 1,499 ರೂಪಾಯಿ ಕೊಟ್ಟು ತರಿಸಿದೆ. ಜೊತೆಗೆ ಒಂದು ಸರ್ಟಿಫಿಕೇಟ್, ಒಂದು ಚೀಟಿ. ಎಳ್ಳೆಣ್ಣೆಯಲ್ಲಿ ಮುಳುಗಿಸಿಡಿ, ಎಣ್ಣೆ ಕುಡಿಯುತ್ತದೆ, ಕುಡಿಯುವುದು ನಿಂತ ಮೇಲೆ ಸಿಂಧೂರ, ಲವಂಗದ ಜೊತೆ ಬೆಳ್ಳಿ ಡಬ್ಬಿಗೆ ಹಾಕಿ ಗಲ್ಲಾಪೆಟ್ಟಿಗೆಯಲ್ಲಿಡಿ ಅಂತ ಅದರಲ್ಲಿದೆ. ವಾರ ಕಳೆದರೂ ಎಣ್ಣೆ ಒಂದು ಹನಿ ಇಳಿದಿಲ್ಲ. ಮಾರಿದವನಿಗೆ ಫೋನ್ ಮಾಡಿದರೆ ನಿಮ್ಮ ಭಕ್ತಿ ಸಾಲದು ಅಂತಾನೆ. ಇದು ಪ್ಲಾಸ್ಟಿಕ್ಕೇ ಇರಬೇಕು. ಅಸಲಿ ಯಾವುದು, ನಕಲಿ ಯಾವುದು ಅಂತ ಗುರುತಿಸುವುದು ಹೇಗೆ ಎಂದು ಒಂದು ಲೇಖನ ಬರೆಸಿ. ಅವನ ನಂಬರ್ ಕಳಿಸಿದ್ದೇನೆ, ಪ್ರಕಟಿಸಿ. ಗ್ರಾಹಕರ ಕೋರ್ಟಿಗೆ ಹೋಗಬಹುದಾ? ಮೂಢನಂಬಿಕೆ ಅಂತ ಮಾತ್ರ ಜರಿಯಬೇಡಿ. ನೀವೂ ರಾಶಿಭವಿಷ್ಯ ಹಾಕ್ತೀರಿ."

ಸಂಪಾದಕರ ಉತ್ತರ:

ಪತ್ರದ ಜೊತೆ ಕಳಿಸಿದ ಫೋಟೊ ನೋಡಿದೆ. ಸ್ಟೀಲ್ ಬಟ್ಟಲು, ಅರ್ಧ ಎಣ್ಣೆ, ತಳದಲ್ಲಿ ಹೆಬ್ಬೆರಳಿನಷ್ಟು ಉದ್ದದ ಕಂದು ವಸ್ತು. ಎರಡು ಪುಟ್ಟ ಕೈಗಳು ಒಂದನ್ನೊಂದು ಹಿಡಿದುಕೊಂಡ ಹಾಗಿದೆ. ಬೆರಳಿನಂಥ ಸುಕ್ಕುಗಳೂ ಇವೆ. ನೋಡಿದವರು ಒಂದು ಕ್ಷಣ ಮರುಳಾಗುವಂಥದ್ದೇ.

ನೇರವಾಗಿ ಹೇಳಿಬಿಡ್ತೇನೆ. ಅದು ಪ್ಲಾಸ್ಟಿಕ್ ಆಗಿದ್ದರೆ ನಿಮ್ಮ ಪುಣ್ಯ. ಅಸಲಿ ಹತ್ತಾ ಜೋಡಿ ಬೇರಲ್ಲ. ಗಂಡು ಉಡದ ಜನನಾಂಗ.

ಮಾರುವವರು ಅಮರಕಂಟಕದ ಕಾಡು, ಹಿಮಾಲಯದ ಕಣಿವೆ ಅಂತೆಲ್ಲ ಕಥೆ ಹೇಳುತ್ತಾರೆ. ಉಡದ ಈ ಅಂಗ ಮಾಮೂಲಿಯಾಗಿ ಬಾಲದ ಬುಡದಲ್ಲಿ ಒಳಗೇ ಮಡಿಚಿಕೊಂಡಿರುತ್ತದೆ. ಅದನ್ನು ಹೊರಗೆ ಬರಿಸಲು ಪ್ರಾಣಿಗೆ ಬೆಂಕಿ ತಾಗಿಸುತ್ತಾರೆ, ಎಷ್ಟೋ ಸಲ ಜೀವ ಇರುವಾಗಲೇ. ಆಮೇಲೆ ಕತ್ತರಿಸಿ ಒಣಗಿಸುತ್ತಾರೆ. ಒಣಗಿದ ಮಾಂಸ ಎಣ್ಣೆ ಹೀರುವುದರಲ್ಲಿ ಪವಾಡ ಏನೂ ಇಲ್ಲ.

ಇದು ದೊಡ್ಡದಾಗಿ ಬಯಲಾಗಿದ್ದು 2017ರಲ್ಲಿ. ವರ್ಲ್ಡ್ ಅನಿಮಲ್ ಪ್ರೊಟೆಕ್ಷನ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ನಮ್ಮ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸೇರಿ ತನಿಖೆ ಮಾಡಿದರು. ಅಮೆಜಾನ್, ಈಬೇಯಂಥ ದೊಡ್ಡ ತಾಣಗಳಲ್ಲೇ 'ಬೇರು' ಎಂಬ ಹೆಸರಿನಲ್ಲಿ ಇದು ರಾಜಾರೋಷವಾಗಿ ಮಾರಾಟವಾಗುತ್ತಿತ್ತು. ಲ್ಯಾಬ್ ಪರೀಕ್ಷೆಯಲ್ಲಿ ಉಡದ ಅಂಗ ಎಂದು ಗೊತ್ತಾಯಿತು. ಕೆಲವು ಮಾತ್ರ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್. ಅಂದರೆ ಪೂರ್ತಿ ಪ್ರಾಮಾಣಿಕ ವ್ಯಾಪಾರಿ ಕಾಡುಪ್ರಾಣಿ ಕೊಂದವನು. ಗಿರಾಕಿಗೆ ಟೋಪಿ ಹಾಕಿದವನಿಂದ ಒಂದು ಉಡ ಬದುಕಿತು. ಅಸಲಿ-ನಕಲಿ ಗುರುತಿಸುವ ಲೇಖನ ಬರೆಸಿ ಅಂತೀರಲ್ಲ, ಬರೆಸಿದರೆ ನಾವು ಯಾರಿಗೆ ಸಹಾಯ ಮಾಡಿದ ಹಾಗಾಯಿತು?

ಈಗ ಕೋರ್ಟಿನ ವಿಷಯ. ನೀವು ಕೊಂಡಿದ್ದು ಬೇರು, ಬಿಲ್ಲಿನಲ್ಲೂ ಬೇರು ಅಂತಲೇ ಇದೆ. ಬಂದಿದ್ದು ಪ್ಲಾಸ್ಟಿಕ್ ಆದರೆ ಮೋಸವೇ, ದೂರು ಕೊಡಬಹುದು. ಆದರೆ ಪ್ಲಾಸ್ಟಿಕ್ ಅಂತ ಸಾಬೀತು ಮಾಡಲು ಲ್ಯಾಬಿಗೆ ಕಳಿಸಬೇಕಲ್ಲ? ಅಲ್ಲಿಂದ 'ಉಡದ್ದು' ಅಂತ ವರದಿ ಬಂದರೆ ದೂರು ಕೊಟ್ಟವರೇ ಕಟಕಟೆಯಲ್ಲಿ ನಿಲ್ಲಬೇಕಾದೀತು. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿ ಇರುವ ಅದೇ ಪಟ್ಟಿ. ಮಾರುವುದು ಮಾತ್ರ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧ. ಶಿಕ್ಷೆ 3ರಿಂದ 7 ವರ್ಷ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ. ನಿಮ್ಮ 1,499 ವಾಪಸ್ ಬರಲಿಕ್ಕೆ ಇದು ಸ್ವಲ್ಪ ಜಾಸ್ತಿಯೇ ಆಯಿತು, ಅಲ್ವಾ?

ಹಾಗಂತ ರಾತ್ರೋರಾತ್ರಿ ಸುಟ್ಟುಹಾಕಬೇಡಿ, ಕೆರೆಗೆ ಎಸೆಯಬೇಡಿ. ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಇಂಥ ವಸ್ತು ಸರ್ಕಾರದ ಆಸ್ತಿ. ನಾಶ ಮಾಡುವುದೂ ತಪ್ಪು. ಕೈಗೆ ಬಂದ 48 ಗಂಟೆಯೊಳಗೆ ಪೊಲೀಸರಿಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಆ ಗಡುವು ನಿಮಗೆ ಮುಗಿದಿದೆ. ಆದರೂ ಒಬ್ಬ ವಕೀಲರನ್ನು ಜೊತೆಗೆ ಕರೆದುಕೊಂಡು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ. ಬೇರು ಅಂದುಕೊಂಡು ಕೊಂಡೆ ಎಂದು ಬರವಣಿಗೆಯಲ್ಲಿ ಕೊಡಿ. ಬಿಲ್, ಚೀಟಿ, ಪಾರ್ಸೆಲ್ ಕವರ್ ಎಲ್ಲ ಇಟ್ಟುಕೊಂಡಿದ್ದೀರಿ, ಒಳ್ಳೆಯದೇ ಆಯಿತು.

ಇಷ್ಟು ಕಾನೂನು. ನನ್ನ ತಲೆ ಕೊರೆಯುತ್ತಿರುವುದು ಬೇರೆ ವಿಷಯ.

ಮಾಟ, ಮದ್ದು, ತಾಯತ, ಅಂಜನ ಯಾವುದೂ ನಮಗೆ ಹೊಸದಲ್ಲ. ಊರಿನ ಮಂತ್ರವಾದಿ ಏನು ಕೇಳುತ್ತಿದ್ದ? ನಿಂಬೆಹಣ್ಣು, ಕುಂಬಳಕಾಯಿ, ಒಂದಿಷ್ಟು ಕುಂಕುಮ, ಕರಿ ದಾರ, ದಾರಿ ಸೇರುವ ಕಡೆಯ ಮಣ್ಣು. ಕೋಳಿಯೂ ಕೇಳುತ್ತಿದ್ದ, ಇಲ್ಲ ಅನ್ನುವುದಿಲ್ಲ. ಆದರೆ ನಿಂಬೆಹಣ್ಣು ಎಲ್ಲಿಂದ ತಂದಿರಿ, ಅಸಲಿಯೋ ನಕಲಿಯೋ ಅಂತ ಯಾರೂ ಕೇಳಲಿಲ್ಲ. ಶಕ್ತಿ ಇರುವುದು ಮಂತ್ರದಲ್ಲಿ, ಮಾಡುವವನ ಕೈಯಲ್ಲಿ ಎಂಬ ನಂಬಿಕೆ. ಮಂತ್ರವನ್ನು ಕೊರಿಯರ್ ಮಾಡಲು ಬರುವುದಿಲ್ಲ. ಡಬ್ಬಿಗೆ ಹಾಕಿ, ಫೋಟೊ ತೆಗೆದು, ಬೆಲೆ ಅಂಟಿಸಬೇಕಾದರೆ ಒಂದು ವಸ್ತು ಬೇಕು. 20 ರೂಪಾಯಿಗೆ ನಾಲ್ಕು ಬರುವ ನಿಂಬೆಹಣ್ಣಿಗೆ 1,499 ಯಾರು ಕೊಡುತ್ತಾರೆ? ಅಪರೂಪದ್ದು ಬೇಕು, ನಮ್ಮ ಹಿತ್ತಲಲ್ಲಿ ಸಿಗದ್ದು ಬೇಕು. ಹೀಗೆ ಅಪರೂಪದ್ದು ಹುಡುಕುತ್ತ ಹೋದ ವ್ಯಾಪಾರ ಕೊನೆಗೆ ಕಾಡಿಗೇ ಹೋಗಿ ನಿಲ್ಲುತ್ತದೆ.

ಹಳೆಯ ಕಾಲದಲ್ಲಿ ಕಾಡುಪ್ರಾಣಿಗಳು ಬಚಾವಾಗಿದ್ದವು ಅಂತಲ್ಲ. ಗೂಬೆಯನ್ನು, ಕಾಡುಪಾಪವನ್ನು ವಾಮಾಚಾರಕ್ಕೆ ಹಿಡಿಯುವುದು ಬಹಳ ಹಿಂದಿನಿಂದ ಇದೆ. ಕಾಡುಪಾಪದ ಆ ದುಂಡು ಕಣ್ಣುಗಳೇ ಅದಕ್ಕೆ ಮುಳುವಾದವು. ಆದರೆ ಅಂಥದ್ದು ಊರಿಗೆ ಒಬ್ಬರೋ ಇಬ್ಬರೋ ಮಾಡುವ ಕೆಲಸವಾಗಿತ್ತು. ಈಗ ಹಕ್ಕಿ ಹಿಡಿಯುವವನು, ದಲ್ಲಾಳಿ, ನಗರದ ಪಕ್ಷಿ ಮಾರುಕಟ್ಟೆ ಎಲ್ಲ ಸೇರಿದ ಜಾಲ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಎಂಬ ಸಂಸ್ಥೆ 2010ರಲ್ಲಿ ಕೊಟ್ಟ ವರದಿಯ ಪ್ರಕಾರ, ಭಾರತದ ಸುಮಾರು 30 ಜಾತಿಯ ಗೂಬೆಗಳಲ್ಲಿ 15 ಜಾತಿ ಕಳ್ಳವ್ಯಾಪಾರದಲ್ಲಿ ಕಂಡವು. ದೀಪಾವಳಿ ಹತ್ತಿರ ಬಂದರೆ ಬೇಡಿಕೆ ಏರುತ್ತದೆ. ಲಕ್ಷ್ಮಿಯ ವಾಹನವನ್ನೇ ಕೊಂದು ಲಕ್ಷ್ಮಿಯನ್ನು ಮನೆಯಲ್ಲಿ ಕೂರಿಸುವ ಲೆಕ್ಕಾಚಾರ!

ನರಿಕೊಂಬಿನ ಕಥೆ ಇನ್ನೂ ತಮಾಷೆ. ಬೆಳಿಗ್ಗೆ ನರಿ ಮುಖ ನೋಡಿದರೆ ಅದೃಷ್ಟ ಅನ್ನುವ ಜನ ನಾವು. ನರಿಯ ಕೊಂಬೇ ಮನೆಯಲ್ಲಿದ್ದರೆ? ನರಿಗೆ ಕೊಂಬೇ ಇಲ್ಲ ಎನ್ನುವುದು ಬೇರೆ ಮಾತು. ಕೂದಲಿರುವ ಚರ್ಮದ ತುಂಡನ್ನು ಉಂಡೆ ಕಟ್ಟಿ, ನಡುವೆ ಚೂಪಾಗಿ ಏನಾದರೂ ಸಿಕ್ಕಿಸಿ, ಸಿಂಧೂರ ಮೆತ್ತಿ ಮಾರುತ್ತಾರೆ. ಅದಕ್ಕೂ ಸರ್ಟಿಫಿಕೇಟ್ ಇರುತ್ತದೆ. ಇನ್ನು ಮೊಲದ ಕೊಂಬಿಗೂ ಒಬ್ಬ ಸರ್ಟಿಫಿಕೇಟ್ ಕೊಟ್ಟರೆ ನಾನಂತೂ ಆಶ್ಚರ್ಯಪಡುವುದಿಲ್ಲ.

ಆದರೆ ಈ ಧಂದೆಯ ಒಳಗುಟ್ಟು ಗೊತ್ತಾಗಬೇಕಾದರೆ ಎರಡು ತಲೆ ಹಾವನ್ನು ನೋಡಬೇಕು. ಮಣ್ಣುಮುಕ್ಕ ಅಂತೀವಲ್ಲ, ಅದೇ. ವಿಷ ಇಲ್ಲ, ಹೊಲದ ಇಲಿ ತಿಂದುಕೊಂಡು ಮಣ್ಣಿನಲ್ಲಿ ಇರುವ ಪಾಪದ ಹಾವು. ಬಾಲ ಮೊಂಡಾಗಿ ತಲೆಯ ಹಾಗೇ ಕಾಣುತ್ತದೆ. ಅದೇ ಅದಕ್ಕೆ ಶಾಪ. ನಿಧಿ ತೋರಿಸುತ್ತದೆ, ಮನೆಯಲ್ಲಿದ್ದರೆ ದುಡ್ಡು ಬರುತ್ತದೆ ಎಂಬ ನಂಬಿಕೆ. 2016ರಿಂದ 2021ರವರೆಗೆ ದೇಶದಲ್ಲಿ ಈ ಹಾವಿನ 172 ಪ್ರಕರಣಗಳು ದಾಖಲಾದವು ಎಂದು ವೈಲ್ಡ್‌ಲೈಫ್ ಕನ್ಸರ್ವೇಷನ್ ಸೊಸೈಟಿಯ ಭಾರತ ಶಾಖೆ ಲೆಕ್ಕ ಕೊಟ್ಟಿದೆ. ಯೂಟ್ಯೂಬಿನಲ್ಲಿ ಹಾವನ್ನು ತಕ್ಕಡಿಯಲ್ಲಿಟ್ಟು ತೂಕ ತೋರಿಸಿ, ಫೋನ್ ನಂಬರ್ ಕೊಡುವ ವಿಡಿಯೊಗಳು ಬರುತ್ತಿದ್ದವು. ತೂಕ ಹೆಚ್ಚಿದಷ್ಟೂ ಬೆಲೆ. ಲಕ್ಷ, ಕೋಟಿ ಎಂಬ ಮಾತು.

ಸಿಕ್ಕಿಬಿದ್ದವರ ಸುದ್ದಿಗಳನ್ನು ಓದುತ್ತ ಬಂದರೆ ಒಂದು ವಿಷಯ ಕಾಣುತ್ತದೆ. ಇವರು ಹಾವಿಗೆ ಪೂಜೆ ಮಾಡುವವರಲ್ಲ, ನಿಧಿ ಅಗೆಯುವವರೂ ಅಲ್ಲ. ಕಾರಿನಲ್ಲಿ ಚೀಲ ಇಟ್ಟುಕೊಂಡು ಗಿರಾಕಿಗೆ ಕಾಯುತ್ತಿದ್ದವರು. ಇವರಿಗೆ ಮಾಟದಲ್ಲಿ ನಂಬಿಕೆ ಇರಬೇಕೆಂದೇ ಇಲ್ಲ. ಬೆಂಗಳೂರಿನಲ್ಲೋ ಮುಂಬೈನಲ್ಲೋ ನಂಬುವ ಶ್ರೀಮಂತ ಒಬ್ಬ ಇದ್ದಾನೆ ಎಂಬ ನಂಬಿಕೆ ಇದ್ದರೆ ಸಾಕು. ಅವನ ಮುಂದಿನವನೂ ಹಾಗೇ ಅಂದುಕೊಂಡಿರುತ್ತಾನೆ. ಆ ಕೊನೆಯ ಶ್ರೀಮಂತನನ್ನು ಕಣ್ಣಾರೆ ಕಂಡವರು ಮಾತ್ರ ಇಲ್ಲ. ಅಕ್ಕಿಕಾಳನ್ನು ತನ್ನತ್ತ ಎಳೆಯುವ ಶಕ್ತಿ ಇದೆ ಎಂದು ನಂಬಿಸಿ ತಾಮ್ರದ ಚೊಂಬು ಮಾರುವ ಮೋಸ, ರೈಸ್ ಪುಲ್ಲಿಂಗ್, ಅದರಲ್ಲೂ ಇದೇ ಆಟ. ಹಳೆಯ ಮಾಟಕ್ಕೆ ಕನಿಷ್ಠ ಒಬ್ಬ ಭಕ್ತನಾದರೂ ಬೇಕಿತ್ತು. ಈ ಮಾರುಕಟ್ಟೆಗೆ ಅವನೂ ಬೇಡ.

ಗ್ಯಾರಂಟಿ ಬೇಕು ಅಂತ ಕೇಳುವವರು ನೀವೊಬ್ಬರೇ ಅಲ್ಲ, ಬೇಸರ ಬೇಡ. ರೊಮೇನಿಯಾದಲ್ಲಿ 2011ರಲ್ಲಿ ಮಾಟಗಾತಿಯರ ಕೆಲಸವನ್ನು ಅಧಿಕೃತ ವೃತ್ತಿ ಎಂದು ಸೇರಿಸಿ ಆದಾಯ ತೆರಿಗೆ ಹಾಕಿದರು. ಸಿಟ್ಟಿಗೆದ್ದ ಮಾಟಗಾತಿಯರು ಸರ್ಕಾರಕ್ಕೆ ಶಾಪ ಹಾಕಲು ಡ್ಯಾನ್ಯೂಬ್ ನದಿಗೆ ವಿಷದ ಗಿಡ ಎಸೆದರು. ಹೇಳಿದ ಭವಿಷ್ಯ ಸುಳ್ಳಾದರೆ ದಂಡ ಹಾಕುವ ಮಸೂದೆಯೂ ಬಂತು. ತಪ್ಪು ನಮ್ಮದಲ್ಲ, ಇಸ್ಪೀಟೆಲೆಗಳದ್ದು ಅಂತ ಅವರಲ್ಲೊಬ್ಬಳು ಹೇಳಿದಳು. ನಿಮ್ಮವನು ನಿಮ್ಮ ಭಕ್ತಿಯ ಮೇಲೆ ಹಾಕಿದ, ಅಷ್ಟೇ ವ್ಯತ್ಯಾಸ. ಈಬೇ ಕಂಪನಿ 2012ರಲ್ಲಿ ಮಾಟ, ಮಂತ್ರ, ಶಾಪಗಳ ಮಾರಾಟವನ್ನೇ ನಿಲ್ಲಿಸಿತು. ಕಾರಣ ಕೊಟ್ಟಿದ್ದು ಧರ್ಮವೂ ಅಲ್ಲ, ವಿಚಾರವಾದವೂ ಅಲ್ಲ. ಕೊಂಡವರ, ಮಾರಿದವರ ನಡುವಿನ ಜಗಳ ಬಗೆಹರಿಸುವುದು ಕಷ್ಟ ಎಂಬ ಪಕ್ಕಾ ವ್ಯಾಪಾರಿ ಕಾರಣ. ನನಗೆ ಅದು ಇಷ್ಟವಾಯಿತು.

ನಮ್ಮಲ್ಲೂ ಕಾನೂನು ಇಲ್ಲದಿಲ್ಲ. ತಾಯತ, ಮಂತ್ರ, ಕವಚದಿಂದ ರೋಗ ವಾಸಿ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆಯುತ್ತದೆ. ಟಿವಿಯಲ್ಲಿ ದೇವರ ಹೆಸರಿನ ಯಂತ್ರಗಳನ್ನು ಪವಾಡದ ಮಾತು ಹೇಳಿ ಮಾರುವುದು ಕಾನೂನುಬಾಹಿರ ಎಂದು 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಹೇಳಿತು. ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಆದರೂ 'ಕೊಳ್ಳೇಗಾಲದ ಪ್ರಸಿದ್ಧ ಗುರೂಜಿ, ಫೋನಿನಲ್ಲೇ ಪರಿಹಾರ' ನಿಂತಿಲ್ಲ. ಪಾಪ, ಕೊಳ್ಳೇಗಾಲದಲ್ಲಿ ಒಳ್ಳೆಯ ರೇಷ್ಮೆ ಸೀರೆ ನೇಯುತ್ತಾರೆ. ಜಾಹೀರಾತು ಕೊಡುವ ಎಷ್ಟು ಗುರೂಜಿಗಳು ಆ ಊರಿನ ಬಸ್‌ಸ್ಟ್ಯಾಂಡ್ ನೋಡಿದ್ದಾರೋ ಏನೋ.

ರಾಶಿಭವಿಷ್ಯದ ವಿಷಯಕ್ಕೆ ಬರ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಹೌದು, ಹಾಕ್ತೇವೆ. ಜನ ಓದುತ್ತಾರೆ, ಮೊದಲು ಅದೇ ಪುಟ ತೆಗೆಯುವವರೂ ಇದ್ದಾರೆ. ಕರ್ನಾಟಕದ ಕಾಯ್ದೆಯೂ ಜ್ಯೋತಿಷ್ಯವನ್ನು ಹೊರಗಿಟ್ಟಿದೆ. ನಾನು ಅದನ್ನು ವಿಜ್ಞಾನ ಅಂತ ಹೇಳುವುದಿಲ್ಲ. ಆದರೆ ಆ ಪುಟದ ಕೆಳಗೆ ಹರಳು, ಯಂತ್ರ, ವಶೀಕರಣದ ಜಾಹೀರಾತು ಬೇಡ ಎಂಬುದು ನಮ್ಮ ನಿಯಮ. ದುಡ್ಡು ಚೆನ್ನಾಗಿಯೇ ಬರುತ್ತಿತ್ತು. ವೃಷಭಕ್ಕೆ ಈ ವಾರ ಧನಲಾಭ ಎಂದು ಓದಿ ಸುಮ್ನೆ ಖುಷಿಪಟ್ಟವರಿಂದ ಯಾವ ಉಡಕ್ಕೂ ಬೆಂಕಿ ತಾಗುವುದಿಲ್ಲ. ಸದ್ಯಕ್ಕೆ ನನ್ನ ಗೆರೆ ಇಲ್ಲಿದೆ. ನಿಮಗೆ ಅದು ಸಾಲದು ಅನ್ನಿಸಿದರೆ ಇನ್ನೊಂದು ಪತ್ರ ಬರೆಯಿರಿ, ಹಾಕೋಣ.

ಅಂಗಡಿಯ ಬಗ್ಗೆ ನಾನು ಹೇಳಬಾರದು, ಆದರೂ ಹೇಳ್ತೇನೆ. ಎದುರಿನವರು ಕಾಂಟ್ರಾಕ್ಟರುಗಳಿಗೆ ಉದ್ರಿ ಕೊಡ್ತಾರಾ, ಸೈಟಿಗೆ ಮಾಲು ತಲುಪಿಸ್ತಾರಾ ಅಂತ ಒಮ್ಮೆ ವಿಚಾರಿಸಿ. ಮಾಡಿಸಿದ್ದರೆ ಅದನ್ನೇ ಮಾಡಿಸಿರುತ್ತಾರೆ.

ಮಾರಿದವನ ನಂಬರ್ ಪ್ರಕಟಿಸುವುದಿಲ್ಲ. ಅಪರೂಪಕ್ಕೆ ನಾನು ನನ್ನ ಓದುಗರನ್ನು ನಂಬದ ಜಾಗ ಇದು. ಮೋಸಗಾರ ಎಂದು ದಪ್ಪ ಅಕ್ಷರದಲ್ಲಿ ಹಾಕಿದರೂ ಹತ್ತು ಜನ ಫೋನ್ ಮಾಡಿ 'ಅಸಲಿದು ಇದೆಯಾ' ಅಂತ ಕೇಳುತ್ತಾರೆ. ಆ ನಂಬರನ್ನು ಬಿಲ್ಲಿನ ಹಿಂದೆ ಬರೆದು ಅರಣ್ಯಾಧಿಕಾರಿಗೆ ಕೊಡಿ. ಬಟ್ಟಲಿನ ಎಣ್ಣೆಯನ್ನು ಮಾತ್ರ ಅಡುಗೆಗೆ ಬಳಸಬೇಡಿ.