ಕುದುರೆ ಕ್ಯಾಂಟರಿಗೆ ಒಲ್ಲೆ ಅಂದರೆ ಹಿಂಗಾಲು ನೋಡಿ

ಪ್ರಶ್ನೆ: ಕಾರವಾರದ ಕಡಲತೀರದಲ್ಲಿ ಪ್ರವಾಸಿಗರನ್ನು ಹೊರುವ ಒಂಬತ್ತು ವರ್ಷದ ಗಂಡು ಕುದುರೆ ನಮ್ಮದು. ನಡಿಗೆ, ಟ್ರಾಟ್ (ನಿಧಾನದ ಓಟ) ಸರಿಯಾಗಿಯೇ ಕಾಣುತ್ತವೆ. ಆದರೆ ಒಂದು ತಿಂಗಳಿಂದ ಕ್ಯಾಂಟರಿಗೆ, ಅಂದರೆ ಟ್ರಾಟಿಗಿಂತ ಜೋರಾದ ನೆಗೆತದ ಓಟಕ್ಕೆ, ಒಪ್ಪುತ್ತಿಲ್ಲ. ಬಲಕ್ಕೆ ಸುತ್ತು ಹೊಡೆಸಿದರೆ ಕಿವಿ ಹಿಂದಕ್ಕೆ ಒತ್ತಿ, ಎರಡೂ ಹಿಂಗಾಲು ಜೋಡಿಸಿ ಕುಪ್ಪಳಿಸುತ್ತದೆ. ಇದು ಹಟವೋ, ನೋವೋ?
– ಓದುಗರೊಬ್ಬರು, ಕಾರವಾರ

ಉತ್ತರ: ಮೊದಲು ಚಾವಟಿ ಬದಿಗಿಡಿ. ಚೆನ್ನಾಗಿ ಓಡುತ್ತಿದ್ದ ಕುದುರೆ ಒಂದೇ ಮಗ್ಗುಲಿಗೆ ಕ್ಯಾಂಟರ್ ಬೇಡವೆಂದರೆ ಅದನ್ನು ನೋವೆಂದೇ ಹಿಡಿದು ಹುಡುಕಬೇಕು. ಬಲಕ್ಕೆ ತಿರುಗುವ ಕ್ಯಾಂಟರಿನಲ್ಲಿ ಮೊದಲು ನೆಲಕ್ಕೂರುವುದು ಎಡ ಹಿಂಗಾಲು. ಆ ಕ್ಷಣ ಕುದುರೆಯ ಭಾರ, ಸವಾರನ ಭಾರ ಎಲ್ಲ ಅದೊಂದರ ಮೇಲೆ. ಆಮೇಲೆ ಬಲ ಹಿಂಗಾಲು ಮತ್ತು ಎಡ ಮುಂಗಾಲು ಒಟ್ಟಿಗೆ, ಕೊನೆಗೆ ಬಲ ಮುಂಗಾಲು. ಹಾಗಾಗಿ ಅನುಮಾನ ಮೊದಲು ಎಡ ಹಿಂಗಾಲಿನ ಮೇಲೆ. ಆದರೆ ಸುತ್ತಿನ ಒಳಬದಿಯ ಕಾಲಿಗೂ ಒತ್ತಡವಿರುತ್ತದೆ, ಪರೀಕ್ಷಿಸದೆ ತೀರ್ಮಾನಿಸಬೇಡಿ.

ಒಣ ಮರಳಿನಲ್ಲಿ ನೋಡಿ ಪ್ರಯೋಜನವಿಲ್ಲ, ಅಲ್ಲಿ ಗಟ್ಟಿಮುಟ್ಟಾದ ಕುದುರೆಯೂ ಕಾಲೆಳೆಯುತ್ತದೆ. ಸಮತಟ್ಟಾದ ಗಟ್ಟಿ ರಸ್ತೆ ಒಳ್ಳೆಯದು. ಇಲ್ಲವೇ ಇಳಿತದ ಹೊತ್ತಿನಲ್ಲಿ ನೀರು ಸರಿದ ಗಟ್ಟಿ ಮರಳು. ತೀರ ಸಮುದ್ರದ ಕಡೆಗೆ ಇಳಿಜಾರಾಗಿರುವುದರಿಂದ ಒಂದು ಮಗ್ಗುಲು ತಗ್ಗಾಗುತ್ತದೆ, ಹೋಗುವಾಗಲೂ ಬರುವಾಗಲೂ ನೋಡಿ.

ಜೀನು ತೆಗೆದು, ಸೊಂಟದ ಎರಡೂ ಬದಿ ಎದ್ದು ಕಾಣುವ ಮೂಳೆಯ ಮೇಲೆ ಸಮ ಎತ್ತರದಲ್ಲಿ ಬಿಳಿ ಟೇಪು ಅಂಟಿಸಿ. ಒಬ್ಬರು ಹಗ್ಗ ಸಡಿಲ ಬಿಟ್ಟು 30 ಮೀಟರ್ ಟ್ರಾಟಿನಲ್ಲಿ ಓಡಿಸಲಿ. ನೀವು ನೇರ ಹಿಂದೆ ನಿಂತು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಯಾವ ಬದಿಯ ಟೇಪು ಹೆಚ್ಚು ಏರಿ ಇಳಿಯುತ್ತದೋ ಆ ಕಾಲು ಕುಂಟು. ತಲೆ ನೋಡಿ ಮೋಸಹೋಗಬೇಡಿ: ಹಿಂಗಾಲಿನ ನೋವು ಜೋರಾಗಿದ್ದರೆ ಆ ಕಾಲೂರುವಾಗ ಕುದುರೆ ತಲೆ ತಗ್ಗಿಸುತ್ತದೆ, ನೋಡುವವರಿಗೆ ಅದೇ ಬದಿಯ ಮುಂಗಾಲು ಕುಂಟಿದಂತೆ ಕಾಣುತ್ತದೆ.

ಒದ್ದೆ ಮರಳಿನ ಹೆಜ್ಜೆಗಳನ್ನೂ ಓದಿ. ಗೊರಸಿನ ತುದಿ ಗೀರಿದ ಗೆರೆ ಒಂದೇ ಕಾಲಿನದಾಗಿದ್ದರೆ, ಆ ಹಿಂಗಾಲಿನ ಗುರುತು ಅದೇ ಬದಿಯ ಮುಂಗಾಲಿನ ಗುರುತನ್ನು ಮುಟ್ಟದೆ ಹಿಂದೆಯೇ ಉಳಿದಿದ್ದರೆ, ಆ ಕಾಲು ಎತ್ತಿ ಲಾಳ ನೋಡಿ. ತುದಿ ಸವೆದಿರುತ್ತದೆ.

ಮುಂದೆ ಕೈಯಿಂದ ಹುಡುಕಿ. ಗೊರಸು ಬಿಸಿಯೇ, ಅದರ ಮೇಲಿನ ಗೆಣ್ಣಿನ ಹಿಂಬದಿಯಲ್ಲಿ ನಾಡಿ ಜೋರಾಗಿ ಬಡಿಯುತ್ತಿದೆಯೇ, ಕಲ್ಲು ಸಿಕ್ಕಿದೆಯೇ? ಮಳೆಗಾಲದಲ್ಲಿ ಗೊರಸು ಮೆತ್ತಗಾಗಿ ಒಳಗೆ ಕೀವು ಕಟ್ಟುವುದುಂಟು. ಆಗ ಕುಂಟು ಇದ್ದಕ್ಕಿದ್ದಂತೆ ಬರುತ್ತದೆ. ನಿಧಾನವಾಗಿ ಬಂದದ್ದಾದರೆ ಹಿಂಗಾಲಿನ ನಡುವಿನ ಹಾಕ್ ಕೀಲಿನ ಸವೆತ, ಮೇಲಿನ ಸ್ಟೈಫಲ್ ಕೀಲು (ನಮ್ಮ ಮಂಡಿಯಂಥದ್ದು), ಹಾಕ್ ಕೆಳಗಿನ ಸಸ್ಪೆನ್ಸರಿ ಲಿಗಮೆಂಟ್ (ಗೆಣ್ಣನ್ನು ಎತ್ತಿ ಹಿಡಿಯುವ ಗಟ್ಟಿ ಪಟ್ಟಿ) ಇವುಗಳತ್ತ ನೋಡಬೇಕು. ಲಿಗಮೆಂಟಿನ ಪೆಟ್ಟು ಮೆತ್ತನೆ ನೆಲದಲ್ಲಿ ಹೆಚ್ಚಾಗಿ ಕಾಣುತ್ತದೆ. ದಿನವಿಡೀ ಆಳದ ಮರಳಿನಲ್ಲಿ ದುಡಿಯುವ ಕುದುರೆಗೆ ಈ ಭಯ ಜಾಸ್ತಿ.

ನಿಮ್ಮ ವಿವರದಲ್ಲಿ ಟ್ರಾಟ್ ಸರಿಯಿದೆ, ಕ್ಯಾಂಟರಿನಲ್ಲಿ ಮಾತ್ರ ಕಾಲು ಜೋಡಿಸುತ್ತದೆ. ಬೆನ್ನುಮೂಳೆ ಸೊಂಟಕ್ಕೆ ಕೂಡುವ ಕೀಲಿನ ನೋವು ಹೀಗೆಯೇ ಇರುತ್ತದೆ. ಎರಡೂ ಹಿಂಗಾಲು ಸಮವಾಗಿ ನೋಯುತ್ತಿದ್ದರೂ ಟೇಪಿನಲ್ಲಿ ವ್ಯತ್ಯಾಸ ಕಾಣದು. ಜೀನಿನ ಕೆಳಗೆ ಬೆನ್ನು ಒತ್ತಿ ನೋಡಿ. ಸವಾರನಿಲ್ಲದೆ ಉದ್ದ ಹಗ್ಗದಲ್ಲಿ ಸುಲಭವಾಗಿ ಕ್ಯಾಂಟರ್ ತೆಗೆದರೆ ಜೀನು, ಬೆನ್ನು ಎರಡನ್ನೂ ಪರೀಕ್ಷಿಸಿ.

ಸವಾರಿ ನಿಲ್ಲಿಸಿ ಪಶುವೈದ್ಯರನ್ನು ಕರೆಸಿ, ವಿಡಿಯೋ ತೋರಿಸಿ. ಸಂಚಾರಿ ಪಶುಚಿಕಿತ್ಸೆಗೆ ಸಹಾಯವಾಣಿ ಸಂಖ್ಯೆ 1962 ಇದೆ. ವೈದ್ಯರು ಬರುವ ಮುಂಚೆ ನೋವಿನ ಮದ್ದು ಕೊಡಬೇಡಿ, ಕುಂಟು ಮುಚ್ಚಿಹೋಗುತ್ತದೆ. ಅವರು ಕಾಲನ್ನು 60ರಿಂದ 90 ಸೆಕೆಂಡು ಮಡಿಸಿ ಹಿಡಿದು ತಕ್ಷಣ ಓಡಿಸಿ ನೋಡಬಹುದು. ಹಿಂಗಾಲಿನಲ್ಲಿ ಹಾಕ್ ಮಡಿಸಿದರೆ ಸ್ಟೈಫಲ್ ಕೂಡ ಮಡಿಯುತ್ತದೆ, ಆದ್ದರಿಂದ ಜಾಗ ಖಚಿತವಾಗಲು ನರಕ್ಕೆ ಮರಗಟ್ಟಿಸುವ ಮದ್ದು, ಎಕ್ಸ್‌ರೇ ಅಥವಾ ಸ್ಕ್ಯಾನ್ ಬೇಕಾಗಬಹುದು. ಮೈ ಬಿಗಿದು, ಬೆವರಿ, ಮೂತ್ರ ಕಂದಾಗಿದ್ದರೆ ಮಾತ್ರ ಕಾಯಬೇಡಿ. ಅದು ಸ್ನಾಯು ಒಡೆಯುವ ಕಾಯಿಲೆ. ಒಂದು ಹೆಜ್ಜೆಯೂ ನಡೆಸದೆ ಕೂಡಲೇ ವೈದ್ಯರಿಗೆ ಹೇಳಿ.

ಪ್ರಶ್ನೆ: ಮೂರು ವರ್ಷದ ಹೆಣ್ಣು ಮರಿಯ ಹಿಂಗಾಲು ಆಗಾಗ ಹಿಂದಕ್ಕೆ ಚಾಚಿ ಸಿಕ್ಕಿಕೊಳ್ಳುತ್ತದೆ. ಏನು ಮಾಡಲಿ?
– ಓದುಗರು, ಶಿರಸಿ

ಉತ್ತರ: ಸ್ಟೈಫಲ್ ಕೀಲಿನ (ಮಂಡಿಯ) ಚಿಪ್ಪು ಮೇಲೆ ಸಿಕ್ಕಿಕೊಳ್ಳುತ್ತಿದೆ. ಎಳೆಯ, ತೊಡೆ ಬಲವಿಲ್ಲದ ಕುದುರೆಗಳಲ್ಲಿ ಇದು ಸಾಮಾನ್ಯ. ಸಿಕ್ಕಿದಾಗ ಮುಂದಕ್ಕೆ ಎಳೆಯದೆ ನಿಧಾನ ಹಿಂದಕ್ಕೆ ಸರಿಸಿ; ಹೆಚ್ಚಾಗಿ ಬಿಡುತ್ತದೆ. ಮಳೆಗಾಲದಲ್ಲಿ ಕೊಟ್ಟಿಗೆಯಲ್ಲೇ ಕಟ್ಟಿಹಾಕಿದರೆ ಹೆಚ್ಚಾಗುತ್ತದೆ. ದಿನಾ ಏರಿನಲ್ಲಿ ನಡೆಸಿ, ಗೊರಸು ಸಮವಾಗಿ ಕತ್ತರಿಸಿ. ಪದೇ ಪದೇ ಸಿಕ್ಕಿಕೊಂಡರೆ ಅಥವಾ ಕೀಲು ಊದಿದರೆ ವೈದ್ಯರಿಗೆ ತೋರಿಸಿ.